ಶ್ರುತಿ ಎಲ್ಲಿ ತಪ್ಪುತ್ತದೆ? ಮಂದ್ರ ಹಿತ್ತಾಳೆ ವಾದ್ಯಗಳ ಮೌತ್‌ಪೀಸ್ ಕುರಿತ ವಾದಗಳು

ಯೂಫೋನಿಯಂ ಊದುವವರಿಗೆಲ್ಲ ಪರಿಚಯವಿರುವ ತೊಂದರೆಯೊಂದಿದೆ. ವಾಲ್ವ್ ಒತ್ತದೆ, ತುಟಿಯನ್ನಷ್ಟೇ ಬಿಗಿಗೊಳಿಸುತ್ತ ಸಹಜ ಸ್ವರಗಳನ್ನು ಕೆಳಗಿನಿಂದ ಒಂದೊಂದಾಗಿ ಏರುತ್ತ ಹೋದರೆ ಆರನೆಯದು, ಅಂದರೆ ಪಿಯಾನೋದ ಮಧ್ಯ ‘ಸಿ’ ದಾಟಿದ ಮೇಲೆ ಸಿಗುವ ‘ಎಫ್’, ಬಹುಪಾಲು ವಾದ್ಯಗಳಲ್ಲಿ ಶ್ರುತಿಗಿಂತ ಏರಿ ನಿಲ್ಲುತ್ತದೆ. ಒಂದು ಅರ್ಧಸ್ವರವನ್ನು ನೂರು ಪಾಲು ಮಾಡಿದರೆ ಒಂದು ಪಾಲಿಗೆ ಸೆಂಟ್ ಎಂದು ಹೆಸರು. ಗಣಿತದ ಲೆಕ್ಕದಲ್ಲಿ ಈ ಆರನೇ ಸ್ವರ 2 ಸೆಂಟ್ ಮಾತ್ರ ಏರಿರಬೇಕು. ನಿಜವಾದ ವಾದ್ಯದಲ್ಲಿ ಅದು ಪಕ್ಕದಲ್ಲಿ ಕೂತವನ ಕಿವಿಗೂ ತಟ್ಟುವಷ್ಟು ಏರುತ್ತದೆ. ಕೆಲವರು ತುಟಿ ಸಡಿಲಿಸಿ ಅದನ್ನು ಕೆಳಗಿಳಿಸುತ್ತಾರೆ, ಕೆಲವರು ಬೇರೆ ವಾಲ್ವ್ ಹಿಡಿಯುತ್ತಾರೆ. ದುಬಾರಿ ವಾದ್ಯಗಳಿಗೆ ತಯಾರಕರು ಮುಖ್ಯ ಟ್ಯೂನಿಂಗ್ ಸ್ಲೈಡನ್ನು ಬೆರಳಿನಿಂದ ಸರಿಸಲು ಒಂದು ಟ್ರಿಗರನ್ನೇ ಜೋಡಿಸಿಕೊಡುತ್ತಾರೆ. ಆದರೆ ಈ ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ಸಲಹೆ ಒಂದೇ: ಮೌತ್‌ಪೀಸ್ ಬದಲಿಸಿ ನೋಡು.

ಟ್ರೊಂಬೋನ್, ಯೂಫೋನಿಯಂ, ಟ್ಯೂಬಾಗಳಂಥ ಮಂದ್ರ ಹಿತ್ತಾಳೆ ವಾದ್ಯಗಳ ಲೋಕದಲ್ಲಿ ಈ ಸಲಹೆಗೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. ಅದು ಎಷ್ಟರ ಮಟ್ಟಿಗೆ ನಿಜ ಎಂಬುದರ ಬಗ್ಗೆ ಭೌತಶಾಸ್ತ್ರಜ್ಞರು, ತಯಾರಕರು, ವಾದಕರು ಇನ್ನೂ ಒಂದು ಮಾತಿಗೆ ಬಂದಿಲ್ಲ. ಈವರೆಗಿನ ವಾದಗಳನ್ನೆಲ್ಲ ಎದುರಿಗಿಟ್ಟುಕೊಂಡು ನೋಡಿದರೆ ನನಗೆ ಕಾಣುವುದು ಇಷ್ಟು: ಮೌತ್‌ಪೀಸ್ ವಾದ್ಯವನ್ನು ಶ್ರುತಿಗೆ ತರುವುದೂ ಇಲ್ಲ, ಶ್ರುತಿಯಿಂದ ತಪ್ಪಿಸುವುದೂ ಇಲ್ಲ. ವಾದ್ಯದಲ್ಲಿ ಆಗಲೇ ಇರುವ ತಪ್ಪನ್ನು ಅದು ಸ್ವರಸ್ವರಗಳ ನಡುವೆ ಬೇರೆ ರೀತಿಯಲ್ಲಿ ಹಂಚುತ್ತದೆ. ಹೇಗೆ ಹಂಚುತ್ತದೆ, ಆ ಹಂಚಿಕೆಯಲ್ಲಿ ವಾದಕನ ಪಾಲೆಷ್ಟು ಎಂಬುದೇ ಚರ್ಚೆಯ ನಿಜವಾದ ತಿರುಳು.

ಒಂದು ಸಣ್ಣ ವಸ್ತುವಿನ ಐದು ಭಾಗ

ತುಟಿ ತಾಗುವ ಉಂಗುರಕ್ಕೆ ರಿಮ್ ಎನ್ನುತ್ತಾರೆ. ಅದರ ಒಳವ್ಯಾಸ ಟೆನರ್ ಟ್ರೊಂಬೋನಿನಲ್ಲಿ ಸುಮಾರು 24ರಿಂದ 26 ಮಿ.ಮೀ., ಬೇಸ್ ಟ್ರೊಂಬೋನಿನಲ್ಲಿ 27ರ ಆಚೀಚೆ, ಟ್ಯೂಬಾದಲ್ಲಿ 30 ದಾಟುತ್ತದೆ. ರಿಮ್‌ನ ಕೆಳಗಿನ ಬಟ್ಟಲು ಕಪ್. ಬಟ್ಟಲ ತಳದಲ್ಲಿ ಅತಿ ಕಿರಿದಾಗುವ ರಂಧ್ರ ಥ್ರೋಟ್. ಅಲ್ಲಿಂದ ಮತ್ತೆ ಅಗಲಗೊಳ್ಳುತ್ತ ಹೋಗುವ ಒಳದಾರಿ ಬ್ಯಾಕ್‌ಬೋರ್. ವಾದ್ಯದೊಳಗೆ ಸೇರಿಕೊಳ್ಳುವ ಕಾಲು ಶ್ಯಾಂಕ್.

ಬಟ್ಟಲಿನ ಆಕಾರದಲ್ಲಿ ಎರಡು ಹಳೆಯ ಮನೆತನಗಳಿವೆ. ಒಂದು ದುಂಡಗಿನ ತಳದ ಬಟ್ಟಲು. ಬಾಕ್ ಕಂಪನಿಯ 18ನೇ ನಂಬರಿನ ಟ್ಯೂಬಾ ಮೌತ್‌ಪೀಸ್ ಇದಕ್ಕೆ ಎಲ್ಲರೂ ಬಲ್ಲ ಉದಾಹರಣೆ. ಇನ್ನೊಂದು ಲಾಳಿಕೆಯಂತೆ ಆಳಕ್ಕಿಳಿಯುವ ಬಟ್ಟಲು. ಸೂಸಾ ಬ್ಯಾಂಡಿನ ಟ್ಯೂಬಾ ವಾದಕ ಆಗಸ್ಟ್ ಹೆಲ್‌ಬರ್ಗ್ ಅವರ ಹೆಸರಿನಲ್ಲಿ ಕಾನ್ ಕಂಪನಿ ತಯಾರಿಸಿದ್ದು ಈ ಬಗೆಯದು. ಎರಡಕ್ಕೂ ಇಂದಿಗೂ ನಿಷ್ಠಾವಂತ ಅನುಯಾಯಿಗಳಿದ್ದಾರೆ.

ನಂಬರುಗಳ ವಿಷಯದಲ್ಲಿ ಮಾತ್ರ ಯಾವ ಒಪ್ಪಂದವೂ ಇಲ್ಲ. ಬಾಕ್ ಪದ್ಧತಿಯಲ್ಲಿ ನಂಬರ್ ಕಿರಿದಾದಷ್ಟೂ ರಿಮ್ ದೊಡ್ಡದು. ಶಿಲ್ಕಿ ಪದ್ಧತಿಯಲ್ಲಿ ನಂಬರ್ ಹಿರಿದಾದಷ್ಟೂ ರಿಮ್ ದೊಡ್ಡದು. ಹೊಸಬರು ಅಂಗಡಿಯಲ್ಲಿ ಮೊದಲು ಎಡವುವುದು ಇಲ್ಲಿಯೇ.

ಕೊಳವೆಯೊಳಗೇ ಇರುವ ತಪ್ಪು

ಮೌತ್‌ಪೀಸಿನ ಮೇಲೆ ಹೊರೆ ಹೊರಿಸುವ ಮೊದಲು ವಾದ್ಯದ ಸ್ವಂತ ತಪ್ಪು ಎಷ್ಟಿದೆ ಎಂದು ಅಳೆಯಬೇಕು. ಸಹಜ ಸ್ವರಗಳ ಸರಣಿಯೇ ಪಿಯಾನೋದ ಸಮವಿಭಜಿತ ಶ್ರುತಿಗೆ ಹೊಂದುವುದಿಲ್ಲ: ಐದನೆಯದು 14 ಸೆಂಟ್ ಕೆಳಗೆ, ಏಳನೆಯದು 31 ಸೆಂಟ್ ಕೆಳಗೆ. ಅದರ ಮೇಲೆ ವಾಲ್ವ್‌ಗಳ ಲೆಕ್ಕ ಬರುತ್ತದೆ. ಎರಡನೇ ವಾಲ್ವ್ ಕೊಳವೆಯನ್ನು ಒಂದು ಅರ್ಧಸ್ವರದಷ್ಟು, ಮೊದಲನೆಯದು ಎರಡರಷ್ಟು, ಮೂರನೆಯದು ಮೂರರಷ್ಟು ಉದ್ದಮಾಡುತ್ತದೆ. ಒಂದೊಂದನ್ನೇ ಒತ್ತಿದಾಗ ಸರಿಯಾಗಿರುವ ಈ ಉದ್ದಗಳು ಒಟ್ಟಿಗೆ ಒತ್ತಿದಾಗ ಸಾಲದಾಗುತ್ತವೆ, ಯಾಕೆಂದರೆ ಆಗಲೇ ಉದ್ದವಾಗಿರುವ ಕೊಳವೆಗೆ ಇನ್ನೂ ಹೆಚ್ಚು ಉದ್ದ ಬೇಕು. ಲೆಕ್ಕ ಹಾಕಿದರೆ ಒಂದು ಮತ್ತು ಮೂರನ್ನು ಸೇರಿಸಿ ಒತ್ತಿದಾಗ ಸ್ವರ ಸುಮಾರು 30 ಸೆಂಟ್, ಮೂರನ್ನೂ ಒತ್ತಿದಾಗ 50 ಸೆಂಟಿಗೂ ಹೆಚ್ಚು ಏರುತ್ತದೆ. ಐವತ್ತು ಸೆಂಟ್ ಎಂದರೆ ಅರ್ಧಸ್ವರದ ಅರ್ಧ. ಲಂಡನ್ನಿನ ಬೂಸಿ ಕಂಪನಿಯಲ್ಲಿದ್ದ ಡೇವಿಡ್ ಜೇಮ್ಸ್ ಬ್ಲೇಕ್ಲಿ 1874ರಲ್ಲಿ ರೂಪಿಸಿದ ಕಾಂಪೆನ್ಸೇಟಿಂಗ್ ವ್ಯವಸ್ಥೆ ಇದಕ್ಕೇ ಹುಟ್ಟಿದ್ದು. ವಾಲ್ವ್‌ಗಳು ಜೊತೆಯಾದಾಗ ಗಾಳಿ ಹೆಚ್ಚುವರಿ ಸುರುಳಿಗಳ ಮೂಲಕ ಹಾದು ಬರುವಂತೆ ಅದು ಮಾಡುತ್ತದೆ. ಒಳ್ಳೆಯ ಯೂಫೋನಿಯಂಗಳಲ್ಲಿ ಇಂದಿಗೂ ಇರುವುದು ಅದೇ.

ಈ ಅಂಕಿಗಳನ್ನು ಓದುಗರು ನೆನಪಿನಲ್ಲಿಡಬೇಕು. ಮೌತ್‌ಪೀಸ್ ಎಷ್ಟು ಸೆಂಟ್ ಬದಲಿಸಬಲ್ಲದು ಎಂಬ ಪ್ರಶ್ನೆಗೆ ಉತ್ತರ ಬಂದಾಗ ಇವೇ ಅಳತೆಗೋಲು.

ಕಿವಿಯಿಂದ ಅಳತೆಯ ಕಡೆಗೆ

ಟ್ಯೂಬಾ ತೀರ ಎಳೆಯ ವಾದ್ಯ. ವೀಪ್ರೆಕ್ಟ್ ಮತ್ತು ಮೊರಿಟ್ಸ್ ಬರ್ಲಿನ್ನಿನಲ್ಲಿ ಅದಕ್ಕೆ ಪೇಟೆಂಟ್ ಪಡೆದದ್ದು 1835ರಲ್ಲಿ. ಆ ಕಾಲದಲ್ಲಿ ಮೌತ್‌ಪೀಸ್ ಕಡೆಯುವುದು ಸಂಪೂರ್ಣ ಕೈಗೆಲಸ, ಕಿವಿಯೇ ತೀರ್ಪುಗಾರ. ಹೆಲ್ಮ್‌ಹೋಲ್ಟ್ಸ್ 1863ರಲ್ಲಿ ಸ್ವರದ ಭೌತಶಾಸ್ತ್ರಕ್ಕೆ ಅಡಿಪಾಯ ಹಾಕಿದರು. ಅಲೆಕ್ಸಾಂಡರ್ ಎಲ್ಲಿಸ್ 1880ರ ದಶಕದಲ್ಲಿ ಸೆಂಟ್ ಎಂಬ ಮಾನವನ್ನು ಕೊಟ್ಟರು. ಆದರೂ ವಾದ್ಯದಂಗಡಿಗಳ ಮಟ್ಟಿಗೆ ಏನೂ ಬದಲಾಗಲಿಲ್ಲ.

ವಿಯೆನ್ನಾ ಬಳಿಯ ಬಾಡನ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಕಾರ್ನೆಟ್ ವಾದಕ ವಿನ್ಸೆಂಟ್ ಬಾಕ್ 1918ರಲ್ಲಿ ನ್ಯೂಯಾರ್ಕಿನಲ್ಲಿ ಮೌತ್‌ಪೀಸ್ ತಯಾರಿಕೆ ಆರಂಭಿಸಿದಾಗ ಒಂದು ದೊಡ್ಡ ತಿರುವು ಬಂತು. ಒಂದೇ ಅಳತೆಯ ವಸ್ತುವನ್ನು ಮತ್ತೆ ಮತ್ತೆ ಅದೇ ಅಳತೆಯಲ್ಲಿ ಕೊಳ್ಳಬಹುದಾದ ಮೇಲೆ ‘ಇದಕ್ಕಿಂತ ಅದು ಶ್ರುತಿಗೆ ಹತ್ತಿರ’ ಎಂಬ ಮಾತಿಗೂ ಅರ್ಥ ಬಂತು. ಅದಕ್ಕೆ ಮೊದಲು ಒಬ್ಬ ವಾದಕ ಹೊಗಳಿದ ಮೌತ್‌ಪೀಸ್ ಇನ್ನೊಬ್ಬನಿಗೆ ಸಿಗುವ ಖಾತರಿಯೇ ಇರಲಿಲ್ಲ. ಮುಂದೆ 1936ರಲ್ಲಿ ಕಾನ್ ಕಂಪನಿಯ ಸ್ಟ್ರೋಬೋಕಾನ್ ಯಂತ್ರ ಬಂತು. ತಿರುಗುವ ತಟ್ಟೆ ಮತ್ತು ಮಿನುಗುವ ಬೆಳಕಿನಿಂದ ಸ್ವರದ ಏರಿಳಿತವನ್ನು ಕಣ್ಣಿಗೆ ತೋರಿಸಿದ ಆ ಯಂತ್ರ ಬ್ಯಾಂಡ್ ಮೇಷ್ಟ್ರುಗಳ ಕೈಗೆ ಹೊಸ ಅಧಿಕಾರ ಕೊಟ್ಟಿತು, ಹೊಸ ತಪ್ಪುಕಲ್ಪನೆಯನ್ನೂ ಕೊಟ್ಟಿತು. ಆ ತಪ್ಪುಕಲ್ಪನೆ ಯಾವುದೆಂದು ಮುಂದೆ ಹೇಳುತ್ತೇನೆ.

ಇತ್ತ ವಿಜ್ಞಾನದಲ್ಲಿ ಎರಡು ಬೀಜಗಳು ಬಿದ್ದಿದ್ದವು. ಅಮೆರಿಕದ ಆರ್ಥರ್ ಗಾರ್ಡನ್ ವೆಬ್‌ಸ್ಟರ್ 1919ರಲ್ಲಿ ಶಬ್ದಕ್ಕೆ ಕೊಳವೆ ಒಡ್ಡುವ ಪ್ರತಿರೋಧವನ್ನು ಲೆಕ್ಕಿಸುವ ದಾರಿ ತೋರಿಸಿದರು. ಫ್ರಾನ್ಸಿನ ಹೆನ್ರಿ ಬುವಾಸ್ 1929ರ ಸುಮಾರಿಗೆ ಗಾಳಿವಾದ್ಯಗಳ ಮೇಲೆ ಬರೆದ ಗ್ರಂಥದಲ್ಲಿ ಒಂದು ಸ್ವರ ನಿಲ್ಲಲು ಕೊಳವೆಯ ಹಲವು ಅನುನಾದಗಳು ಒಟ್ಟಾಗಿ ನೆರವಾಗುತ್ತವೆ ಎಂದರು. ಈ ಎರಡೂ ಬೀಜ ಮೊಳೆತದ್ದು ನಾಲ್ಕೈದು ದಶಕಗಳ ನಂತರ.

ಮೊದಲ ಪಂಥ: ಎಲ್ಲವೂ ಬಟ್ಟಲಿನ ಒಳಜಾಗದಲ್ಲಿ

ಲಾಹೋರಿನಲ್ಲಿ ಬೆಳೆದು ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಭೌತಶಾಸ್ತ್ರ ಕಲಿಸಿದ ಆರ್ಥರ್ ಬೆನೇಡ್ ಈ ಚರ್ಚೆಯ ಕೇಂದ್ರ ವ್ಯಕ್ತಿ. ಅವರ 1976ರ ಸಂಗೀತ ಧ್ವನಿಶಾಸ್ತ್ರದ ಗ್ರಂಥ ಇಂದಿಗೂ ಈ ವಿಷಯದ ಬುನಾದಿ. ಮೌತ್‌ಪೀಸ್ ಬಗ್ಗೆ ಅವರ ವಾದ ಬೆರಗುಗೊಳಿಸುವಷ್ಟು ಸರಳ. ಶ್ರುತಿಯ ಮಟ್ಟಿಗೆ ಮೌತ್‌ಪೀಸಿನ ನಡತೆಯನ್ನು ಹೇಳಲು ಎರಡೇ ಸಂಖ್ಯೆ ಸಾಕು: ಅದರ ಒಟ್ಟು ಒಳಗಾತ್ರ, ಮತ್ತು ತೆರೆದ ರಿಮ್ಮನ್ನು ಅಂಗೈಗೆ ಬಡಿದಾಗ ‘ಪಾಪ್’ ಎಂದು ಕೇಳುವ ಸದ್ದಿನ ಆವೃತ್ತಿ. ಈ ಎರಡು ಸಂಖ್ಯೆ ಒಂದೇ ಆಗಿದ್ದರೆ ಆಕಾರ ಬೇರೆಯಾಗಿದ್ದರೂ ಎರಡು ಮೌತ್‌ಪೀಸ್‌ಗಳು ಶ್ರುತಿಯಲ್ಲಿ ಹೆಚ್ಚುಕಡಿಮೆ ಒಂದೇ ಥರ ನಡೆದುಕೊಳ್ಳುತ್ತವೆ.

ಕಾರಣ ಹೀಗಿದೆ. ಕೆಳಗಿನ ಸ್ವರಗಳಲ್ಲಿ ಅಲೆಯ ಉದ್ದ ಮೀಟರುಗಟ್ಟಲೆ ಇರುವುದರಿಂದ ಮೌತ್‌ಪೀಸಿನ ಆಕಾರ ಅದಕ್ಕೆ ಕಾಣುವುದೇ ಇಲ್ಲ. ಅಷ್ಟೇ ಗಾತ್ರದ ಕೊಳವೆಯ ತುಂಡೊಂದು ಜೋಡಿಸಿದಂತೆ ಮಾತ್ರ ಪರಿಣಾಮವಾಗುತ್ತದೆ. ವಾದ್ಯಗೋಷ್ಠಿಗಳಲ್ಲಿ ಬಳಸುವ ದೊಡ್ಡ ಟೆನರ್ ಟ್ರೊಂಬೋನಿನ ಕೊಳವೆ 13.9 ಮಿ.ಮೀ. ವ್ಯಾಸದ್ದು, ಉದ್ದ ಸುಮಾರು 2.7 ಮೀಟರ್. ಮೌತ್‌ಪೀಸಿನ ಒಳಗಾತ್ರ 10 ಘನ ಸೆಂಟಿಮೀಟರ್ ಎಂದುಕೊಂಡರೆ ಕೆಳಗಿನ ಸ್ವರಗಳಿಗೆ ಅದು ಆರೂವರೆ ಸೆಂ.ಮೀ. ಕೊಳವೆಗೆ ಸಮ. ಗಾತ್ರ ಇನ್ನೊಂದು ಘನ ಸೆಂಟಿಮೀಟರ್ ಹೆಚ್ಚಿದರೆ ಉದ್ದ ಆರೂವರೆ ಮಿ.ಮೀ. ಹೆಚ್ಚಿದಂತೆ, ಸ್ವರ ಸುಮಾರು 4 ಸೆಂಟ್ ಇಳಿಯುತ್ತದೆ. ಹಿಂದೆ ಹೇಳಿದ ವಾಲ್ವ್‌ಗಳ 30, 50 ಸೆಂಟ್ ತಪ್ಪಿನ ಮುಂದೆ ಇದು ಏನೂ ಅಲ್ಲ. ಅಷ್ಟೇ ಅಲ್ಲ, ಎಲ್ಲ ಸ್ವರಗಳೂ ಒಂದೇ ಪ್ರಮಾಣದಲ್ಲಿ ಇಳಿದರೆ ಟ್ಯೂನಿಂಗ್ ಸ್ಲೈಡನ್ನು ಮೂರು ಮಿ.ಮೀ. ಒಳಗೆ ತಳ್ಳಿ ಸರಿಮಾಡಿಕೊಳ್ಳಬಹುದು. ಸ್ಲೈಡಿಗೆ ಎರಡು ಕಾಲಿರುವುದರಿಂದ ಅಷ್ಟು ಸಾಕು.

ತೊಂದರೆ ಇರುವುದು ಇಳಿತ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ ಎನ್ನುವುದರಲ್ಲಿ. ಸ್ವರ ಮೇಲೇರುತ್ತ ಪಾಪ್ ಆವೃತ್ತಿಗೆ ಹತ್ತಿರವಾದಂತೆ ಮೌತ್‌ಪೀಸಿನ ಸಮಾನ ಉದ್ದ ಬೆಳೆಯುತ್ತದೆ. ಪಾಪ್ ಆವೃತ್ತಿಯನ್ನು ಮುಟ್ಟಿದಾಗ ಅದು ಆ ಅಲೆಯ ಕಾಲುಭಾಗಕ್ಕೆ ಸಮನಾಗುತ್ತದೆ. ಪಾಪ್ ಆವೃತ್ತಿ 550 ಹರ್ಟ್ಸ್ ಇರುವ ಮೌತ್‌ಪೀಸಿನಲ್ಲಿ ಕಾಲುಭಾಗವೆಂದರೆ ಸುಮಾರು 16 ಸೆಂ.ಮೀ. ಅಂದರೆ ಒಂದೇ ಲೋಹದ ತುಂಡು ಕೆಳಗಿನ ಸ್ವರಕ್ಕೆ ಆರೂವರೆ ಸೆಂ.ಮೀ. ಉದ್ದ, ಮೇಲಿನ ಸ್ವರಕ್ಕೆ ಅದರ ಎರಡು ಪಟ್ಟಿಗೂ ಹೆಚ್ಚು. ಮೇಲಿನ ಸ್ವರಗಳನ್ನು ಅದು ಹೆಚ್ಚು ಬಲವಾಗಿ ಕೆಳಕ್ಕೆ ಎಳೆಯುತ್ತದೆ.

ಈ ಎಳೆತ ದೋಷವಲ್ಲ, ವಾದ್ಯಕ್ಕೆ ಅದು ಬೇಕೇ ಬೇಕು. ಒಂದು ತುದಿ ಮುಚ್ಚಿದ ನೇರ ಕೊಳವೆಯಲ್ಲಿ ಬೆಸಸಂಖ್ಯೆಯ ಸ್ವರಗಳು ಮಾತ್ರ ಹುಟ್ಟುತ್ತವೆ. ಅಗಲವಾಗಿ ಅರಳುವ ಬೆಲ್ ಕೆಳಗಿನ ಅನುನಾದಗಳನ್ನು ಮೇಲೆತ್ತುತ್ತದೆ, ಮೌತ್‌ಪೀಸ್ ಮೇಲಿನವನ್ನು ಕೆಳಗೆಳೆಯುತ್ತದೆ. ಎರಡೂ ಕೂಡಿದಾಗಲೇ ನಮಗೆ ಗೊತ್ತಿರುವ ಸಹಜ ಸ್ವರಗಳ ಪೂರ್ಣ ಸರಣಿ ಸಿಗುವುದು. ಹಾಗಾಗಿ ಬಟ್ಟಲು ತೀರ ಕಿರಿದಾಗಿ ಪಾಪ್ ಆವೃತ್ತಿ ಏರಿಬಿಟ್ಟರೆ ಮೇಲಿನ ಸ್ಥಾಯಿಯ ಸ್ವರಗಳು ಎಳೆತ ಸಾಲದೆ ಏರುತ್ತವೆ. ಬಟ್ಟಲು ಅತಿ ಆಳವಾದರೆ ಅವೇ ಸ್ವರಗಳು ಸೊರಗಿ ಇಳಿಯುತ್ತವೆ. ಕೆಳಗಿನ ಮತ್ತು ಮೇಲಿನ ‘ಬಿ ಫ್ಲ್ಯಾಟ್’ಗಳ ನಡುವಿನ ಅಂತರ ಹಿಗ್ಗುವುದೂ ಕುಗ್ಗುವುದೂ ಹೀಗೆಯೇ. ವಾದಕರು ತಲೆಮಾರುಗಳಿಂದ ಅನುಭವದಲ್ಲಿ ಕಂಡಿದ್ದಕ್ಕೆ ಬೆನೇಡ್ ಕೊಟ್ಟ ಈ ವಿವರಣೆಯನ್ನು ಈ ಕ್ಷೇತ್ರದ ಅತಿ ದೊಡ್ಡ ಸಾಧನೆ ಎಂದು ನಾನು ಎಣಿಸುತ್ತೇನೆ.

ಎರಡನೇ ಪಂಥ: ಅನುನಾದಗಳ ಒಕ್ಕೂಟ

ಎರಡು ಸಂಖ್ಯೆ ಸಾಕು ಎಂಬ ಮಾತನ್ನು ಎರಡನೇ ಪಂಥ ಅಲ್ಲಗಳೆಯುವುದಿಲ್ಲ, ಸಾಲದು ಎನ್ನುತ್ತದೆ. ಮೌತ್‌ಪೀಸಿನ ಬಾಯಿಗೆ ಸಣ್ಣ ಧ್ವನಿಮೂಲವನ್ನು ಜೋಡಿಸಿ, ಒಂದೊಂದೇ ಆವೃತ್ತಿಯನ್ನು ಕಳಿಸಿ, ಒಳಗೆ ಎಷ್ಟು ಒತ್ತಡ ಹುಟ್ಟಿತು ಎಂದು ಅಳೆದರೆ ಶಿಖರಗಳ ಸಾಲೊಂದು ಸಿಗುತ್ತದೆ. ಒಂದೊಂದು ಶಿಖರವೂ ಒಂದು ಅನುನಾದ. ಜಾನ್ ಬ್ಯಾಕಸ್ 1976ರಲ್ಲಿ ಹಿತ್ತಾಳೆ ವಾದ್ಯಗಳ ಇಂಥ ನಕ್ಷೆಗಳನ್ನು ಪ್ರಕಟಿಸಿದರು. ವಿಯೆನ್ನಾದಲ್ಲಿ ಗ್ರೆಗರ್ ವಿಡ್‌ಹೋಲ್ಮ್ ಮತ್ತು ಸಂಗಡಿಗರು ಇದನ್ನೇ ಬಯಾಸ್ ಎಂಬ ಯಂತ್ರವಾಗಿಸಿ ತಯಾರಕರ ಕೈಗೆ ತಲುಪಿಸಿದರು.

ನಕ್ಷೆಗಳನ್ನು ನೋಡಿದಾಗ ಮೊದಲು ಗಮನ ಸೆಳೆಯುವುದು ಟ್ರೊಂಬೋನಿನ ಅತಿ ಕೆಳಗಿನ ಶಿಖರ. ವಾದಕ ಊದುವ ಅತಿ ಕೆಳಗಿನ ಸಹಜ ಸ್ವರ, ಅಂದರೆ ಪೆಡಲ್ ‘ಬಿ ಫ್ಲ್ಯಾಟ್’, ಸುಮಾರು 58 ಹರ್ಟ್ಸ್‌ನದು. ಆದರೆ ಕೊಳವೆಯ ಮೊದಲ ಅನುನಾದ ಇರುವುದು 38ರ ಆಸುಪಾಸಿನಲ್ಲಿ. ತನಗೆ ಸರಿಯಾದ ಅನುನಾದವೇ ಇಲ್ಲದ ಸ್ವರವೊಂದು ಹೇಗೆ ಇಷ್ಟು ಗಟ್ಟಿಯಾಗಿ ನಿಲ್ಲುತ್ತದೆ? ಎರಡನೇ, ಮೂರನೇ, ನಾಲ್ಕನೇ ಅನುನಾದಗಳು ಆ ಸ್ವರದೊಳಗೇ ಬೆರೆತಿರುವ ಮೇಲಿನ ಆವೃತ್ತಿಗಳಿಗೆ, ಅಂದರೆ ಉಪಸ್ವರಗಳಿಗೆ, ಹೊಂದಿಕೊಂಡು ಕೆಳಗಿನದನ್ನು ಹೊತ್ತು ನಿಲ್ಲಿಸುತ್ತವೆ. ಬುವಾಸ್ ಹೇಳಿದ್ದೂ, ಬೆನೇಡ್ ಮುಂದುವರಿಸಿದ್ದೂ ಇದೇ ವಿಚಾರ. ಯಾವ ಸ್ವರವೂ ಒಂದೇ ಅನುನಾದದ ಸ್ವತ್ತಲ್ಲ. ಅದರ ಶ್ರುತಿಯನ್ನು ಹಲವು ಅನುನಾದಗಳು ಸೇರಿ ತೀರ್ಮಾನಿಸುತ್ತವೆ.

ಇದರಿಂದ ಹೊರಡುವ ಒಂದು ಫಲಿತಾಂಶ ಬ್ಯಾಂಡಿನವರಿಗೆ ತುಂಬ ಮುಖ್ಯ. ಮೆಲ್ಲಗೆ ಊದುವಾಗ ಸ್ವರದಲ್ಲಿ ಮೇಲಿನ ಉಪಸ್ವರಗಳು ತೆಳುವಾಗಿರುತ್ತವೆ, ಹಾಗಾಗಿ ಸಮೀಪದ ಅನುನಾದವೇ ಶ್ರುತಿಯನ್ನು ನಿರ್ಧರಿಸುತ್ತದೆ. ಜೋರಾಗಿ ಊದಿದಂತೆ ಉಪಸ್ವರಗಳು ಬಲವಾಗಿ, ಮೇಲಿನ ಅನುನಾದಗಳ ಮಾತಿಗೂ ತೂಕ ಬರುತ್ತದೆ. ಮೌತ್‌ಪೀಸ್ ಅತಿ ಹೆಚ್ಚು ಅಲುಗಿಸುವುದು ಪಾಪ್ ಆವೃತ್ತಿಯ ಸುತ್ತಲಿನ ಈ ಮೇಲಿನ ಅನುನಾದಗಳನ್ನೇ. ಅವು ಸಾಲು ತಪ್ಪಿದ್ದರೆ ಮೆಲುದನಿಯಲ್ಲಿ ನೆಟ್ಟಗಿದ್ದ ಸ್ವರ ಜೋರಾಗುತ್ತಲೇ ಏರುತ್ತದೆ ಇಲ್ಲವೇ ಇಳಿಯುತ್ತದೆ. ಮೌತ್‌ಪೀಸ್ ಕೊಳ್ಳುವಾಗ ಮಧ್ಯಮ ದನಿಯಲ್ಲಿ ಒಂದು ಸ್ವರಶ್ರೇಣಿ ಊದಿ ‘ಶ್ರುತಿ ಸರಿಯಿದೆ’ ಎನ್ನುವುದು ಏಕೆ ಅರ್ಧ ಪರೀಕ್ಷೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಥ್ರೋಟ್ ಮತ್ತು ಬ್ಯಾಕ್‌ಬೋರ್ ಬಗೆಗಿನ ಚರ್ಚೆಯೂ ಈ ಪಂಥದ್ದೇ. ರಂಧ್ರ ಕಿರಿದಾದರೆ ಪಾಪ್ ಆವೃತ್ತಿ ಇಳಿಯುತ್ತದೆ, ಅಗಲವಾದರೆ ಏರುತ್ತದೆ. ಆದ್ದರಿಂದ ‘ಹೆಚ್ಚು ಗಾಳಿ ಹೋಗಲಿ’ ಎಂದು ಥ್ರೋಟ್ ಕೊರೆಸುವವರು ತಮಗೆ ಅರಿವಿಲ್ಲದೆ ಮೇಲಿನ ಸ್ಥಾಯಿಯ ಶ್ರುತಿಯನ್ನೂ ಬದಲಿಸುತ್ತಾರೆ. ಕೊರೆದ ಲೋಹವನ್ನು ಮತ್ತೆ ತುಂಬಲಾಗದು ಎಂಬುದನ್ನು ಮಾತ್ರ ನೆನಪಿಸಬಯಸುತ್ತೇನೆ.

ಈ ಪಂಥದ ಮಿತಿಯೂ ದೊಡ್ಡದು. ಟ್ರಂಪೆಟ್ ಮತ್ತು ಹಾರ್ನ್ ಮೇಲೆ ನಡೆದಷ್ಟು ಅಳತೆ ಟ್ಯೂಬಾ, ಯೂಫೋನಿಯಂಗಳ ಮೇಲೆ ನಡೆದಿಲ್ಲ. ಅಲ್ಲಿ ಕಂಡದ್ದನ್ನು ಇಲ್ಲಿಗೆ ಹಾಗೆಯೇ ತರುವಂತಿಲ್ಲ. ಟ್ಯೂಬಾ ಕೊಳವೆ ಶಂಕುವಿನಾಕಾರದ್ದು, ‘ಬಿ ಫ್ಲ್ಯಾಟ್’ ಟ್ಯೂಬಾ ಐದೂವರೆ ಮೀಟರ್ ಉದ್ದದ್ದು, ಅದರ ಬೆಲ್ ಅಗಾಧ.

ಮೂರನೇ ಪಂಥ: ಶ್ರುತಿ ಇರುವುದು ವಾದಕನಲ್ಲಿ

ಷಿಕಾಗೋ ಸಿಂಫನಿಯಲ್ಲಿ 1944ರಿಂದ 1988ರವರೆಗೆ ಟ್ಯೂಬಾ ಊದಿದ ಆರ್ನಲ್ಡ್ ಜೇಕಬ್ಸ್ ಜಗತ್ತಿನ ಹಿತ್ತಾಳೆ ವಾದಕರ ಗುರು ಎನಿಸಿಕೊಂಡವರು. ಅವರ ಬೋಧನೆಯ ಸಾರ ಹಾಡು ಮತ್ತು ಉಸಿರು: ಮನಸ್ಸಿನಲ್ಲಿ ಸ್ವರ ಸ್ಪಷ್ಟವಾಗಿ ಹಾಡುತ್ತಿದ್ದರೆ, ಉಸಿರು ಧಾರಾಳವಾಗಿದ್ದರೆ, ತುಟಿ ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತದೆ. ಈ ಪರಂಪರೆಯವರಿಗೆ ಮೌತ್‌ಪೀಸ್ ಬದಲಿಸಿ ಶ್ರುತಿ ಹುಡುಕುವುದು ತಪ್ಪು ಜಾಗದಲ್ಲಿ ಹುಡುಕಾಟ.

ಭೌತಶಾಸ್ತ್ರವೂ ಇವರ ಕಡೆಗೆ ಸಾಕಷ್ಟು ಸಾಕ್ಷ್ಯ ಹೇಳುತ್ತದೆ. ತುಟಿ ತಾನೇ ಒಂದು ಕಂಪಿಸುವ ವಸ್ತು, ಅದಕ್ಕೆ ತನ್ನದೇ ಸ್ವಾಭಾವಿಕ ಆವೃತ್ತಿಯಿದೆ. ಊದುವ ಸ್ವರ ಕೊಳವೆಯ ಅನುನಾದದ ಮೇಲೆ ಕರಾರುವಾಕ್ಕಾಗಿ ಕೂರುವುದಿಲ್ಲ, ಆಚೀಚೆ ಸರಿಯುತ್ತದೆ. ಎಷ್ಟು ಸರಿಯಬೇಕೆಂದು ತುಟಿಯ ಬಿಗಿ ಹೇಳುತ್ತದೆ. ಸ್ಟೀವನ್ ಎಲಿಯಟ್ ಮತ್ತು ಜಾನ್ ಬೌಶರ್ 1982ರಲ್ಲಿ ತುಟಿ ಮತ್ತು ಕೊಳವೆಯ ಈ ಕೊಡುಕೊಳ್ಳುವಿಕೆಯನ್ನು ವಿವರಿಸಿದರು. ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜೋ ವುಲ್ಫ್ ಅವರ ತಂಡ ಟ್ರೊಂಬೋನ್ ವಾದಕರ ತುಟಿಯ ಚಲನೆಯನ್ನೂ ಬಾಯಿಯೊಳಗಿನ ಅನುನಾದವನ್ನೂ ಅಧ್ಯಯನ ಮಾಡಿತು. ಯಾವ ಅನುನಾದದ ಆಸರೆಯೂ ಇಲ್ಲದ ಜಾಗದಲ್ಲೂ ನುರಿತ ಟ್ಯೂಬಾ ವಾದಕರು ಸ್ವರ ಹಿಡಿಯಬಲ್ಲರು.

ರಿಮ್ ಇಲ್ಲಿ ಕಥೆಯೊಳಗೆ ಬರುತ್ತದೆ. ಬೆನೇಡ್ ಲೆಕ್ಕದಲ್ಲಿ ರಿಮ್ಮಿಗೆ ಪಾತ್ರವೇ ಇಲ್ಲ. ಆದರೆ ತುಟಿಯ ಎಷ್ಟು ಭಾಗ ಕಂಪಿಸಬೇಕೆಂದು ತೀರ್ಮಾನಿಸುವುದು ಅದೇ. ಇನ್ನೂ ಒಂದು ಮಾತಿದೆ. ಊದುವಾಗ ತುಟಿಯ ಮಾಂಸ ಬಟ್ಟಲೊಳಗೆ ಇಳಿದು ಜಾಗ ತುಂಬುತ್ತದೆ. ಪ್ರಯೋಗಶಾಲೆಯಲ್ಲಿ ನೀರು ತುಂಬಿ ಅಳೆದ ಗಾತ್ರ ಅಲ್ಲಿಗೆ ನಿಜವಾದ ಗಾತ್ರವಾಗಿ ಉಳಿಯುವುದಿಲ್ಲ. ದಪ್ಪ ತುಟಿಯವನಿಗೂ ತೆಳು ತುಟಿಯವಳಿಗೂ ಒಂದೇ ಮೌತ್‌ಪೀಸ್ ಎರಡು ಬೇರೆ ಗಾತ್ರದ್ದು. ಒಬ್ಬರಿಗೆ ಒಪ್ಪಿದ್ದು ಇನ್ನೊಬ್ಬರಿಗೆ ಒಪ್ಪುವುದಿಲ್ಲ ಎಂಬ ಹಳೆಯ ಅನುಭವಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಕಂಡಿಲ್ಲ.

ವಾದಕನ ಪಾಲನ್ನು ಬೇರ್ಪಡಿಸಲು ವಿಜ್ಞಾನಿಗಳು ಕೃತಕ ತುಟಿಗಳನ್ನು ಕಟ್ಟಿದ್ದಾರೆ. ನೀರು ತುಂಬಿದ ರಬ್ಬರ್ ನಳಿಗೆಗಳೇ ಅಲ್ಲಿ ತುಟಿ. ಜೋಯೆಲ್ ಗಿಲ್ಬರ್ ಮತ್ತು ಸಂಗಡಿಗರು 1998ರಲ್ಲಿ ಇದರ ಫಲಿತಾಂಶ ಪ್ರಕಟಿಸಿದರು. ಎಡಿನ್‌ಬರೋದಲ್ಲಿ ಮರ್ರಿ ಕ್ಯಾಂಬೆಲ್ ಅವರ ಬಳಗವೂ ಈ ದಾರಿ ಹಿಡಿಯಿತು. ಕ್ಯಾಂಬೆಲ್, ಗಿಲ್ಬರ್, ಆರ್ನಲ್ಡ್ ಮೈಯರ್ಸ್ ಮೂವರೂ ಸೇರಿ 2021ರಲ್ಲಿ ಹಿತ್ತಾಳೆ ವಾದ್ಯಗಳ ವಿಜ್ಞಾನದ ಬಗ್ಗೆ ತಂದ ಗ್ರಂಥ ಈ ಎಲ್ಲ ಎಳೆಗಳನ್ನು ಒಂದೆಡೆ ಕೂಡಿಸುತ್ತದೆ. ಕೃತಕ ತುಟಿಗೆ ಒಂದು ಗುಣವಿದೆ: ಅದಕ್ಕೆ ಕಿವಿಯಿಲ್ಲ, ತಪ್ಪನ್ನು ಮುಚ್ಚುವುದಿಲ್ಲ.

ಸ್ಟ್ರೋಬೋಕಾನ್ ತಂದ ತಪ್ಪುಕಲ್ಪನೆ ಎಂದು ನಾನು ಹೇಳಿದ್ದು, ಟ್ಯೂನರ್ ವಾದ್ಯದ ಶ್ರುತಿಯನ್ನೇ ತೋರಿಸುತ್ತದೆ ಎಂಬ ನಂಬಿಕೆಯನ್ನು. ನಿಜಕ್ಕೂ ಅದು ತೋರಿಸುವುದು ವಾದಕ ತಿದ್ದಿದ ಮೇಲೆ ಬಂದ ಸ್ವರವನ್ನು. ಟ್ರೊಂಬೋನಿನವರು ಸ್ಲೈಡನ್ನು ಕೂದಲೆಳೆಯಷ್ಟು ಸರಿಸಿ ಎಲ್ಲವನ್ನೂ ಸರಿಮಾಡಿರುತ್ತಾರೆ, ಅವರಿಗೇ ಅದರ ಅರಿವಿರುವುದಿಲ್ಲ. ಯೂಫೋನಿಯಂ, ಟ್ಯೂಬಾದವರು ತುಟಿಯಿಂದ ತಿದ್ದಿರುತ್ತಾರೆ. ಮುಳ್ಳು ನಡುವೆ ನಿಂತಿದ್ದರೂ ಒಂದು ಮೌತ್‌ಪೀಸಿನಲ್ಲಿ ಅದಕ್ಕೆ ತೆರುವ ಬೆಲೆ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಆ ಬೆಲೆ ದನಿಯ ಬಣ್ಣದಲ್ಲೂ ಒಂದು ಗಂಟೆಯ ನಂತರದ ದಣಿವಿನಲ್ಲೂ ಕಾಣುತ್ತದೆ. ಮೂರನೇ ಪಂಥ ಹೇಳುವುದು ಸತ್ಯ, ಆದರೆ ಅದರಿಂದ ‘ಮೌತ್‌ಪೀಸ್ ಮುಖ್ಯವಲ್ಲ’ ಎಂಬ ತೀರ್ಮಾನ ಹೊರಡುವುದಿಲ್ಲ. ಒಳ್ಳೆಯ ವಾದಕ ಕೆಟ್ಟ ಮೌತ್‌ಪೀಸಿನಲ್ಲೂ ಶ್ರುತಿ ಹಿಡಿಯಬಲ್ಲ. ಕಲಿಯುವ ಮಗು ಹಿಡಿಯಲಾರದು.

ಶ್ಯಾಂಕ್ ಮತ್ತು ಲೋಹ

ನಾಲ್ಕನೆಯ ಗುಂಪು ಪಂಥವೆನ್ನುವಷ್ಟು ದೊಡ್ಡದಲ್ಲ, ಆದರೆ ಅವರ ಮಾತು ಎಲ್ಲಕ್ಕಿಂತ ಬೇಗ ಪರೀಕ್ಷಿಸಬಹುದಾದದ್ದು. ಶ್ಯಾಂಕ್ ವಾದ್ಯದೊಳಗೆ ಎಷ್ಟು ಆಳಕ್ಕೆ ಇಳಿಯುತ್ತದೆ, ಅದರ ತುದಿಗೂ ಒಳಗಿನ ಕೊಳವೆಯ ಆರಂಭಕ್ಕೂ ನಡುವೆ ಎಷ್ಟು ಸಂದು ಉಳಿಯುತ್ತದೆ ಎಂಬುದು ಅವರ ಪ್ರಶ್ನೆ. ಟ್ರೊಂಬೋನಿನಲ್ಲಿ ಸಣ್ಣ ಮತ್ತು ದೊಡ್ಡ ಎರಡು ಶ್ಯಾಂಕ್ ಅಳತೆಗಳಿವೆ. ಹಳೆಯ ಕೆಲವು ಯೂಫೋನಿಯಂಗಳಿಗೆ ಇವೆರಡರ ನಡುವಿನ ಅಳತೆ ಬೇಕು. ಡೆನಿಸ್ ವಿಕ್ ಮೌತ್‌ಪೀಸ್‌ಗಳ ಹೆಸರಿನ ಕೊನೆಯ ‘ಎಲ್’, ‘ಎಸ್’ ಅಕ್ಷರಗಳು ಹೇಳುವುದು ದೊಡ್ಡ, ಸಣ್ಣ ಶ್ಯಾಂಕ್‌ಗಳನ್ನೇ. ಅವುಗಳನ್ನು ರೂಪಿಸಿದ ವಿಕ್ 1957ರಿಂದ ಲಂಡನ್ ಸಿಂಫನಿಯ ಮುಖ್ಯ ಟ್ರೊಂಬೋನ್ ವಾದಕರಾಗಿದ್ದವರು. ಬ್ರಿಟನ್ನಿನವರು ಕಿರಿದಾದ ಕೊಳವೆಯ ಟ್ರೊಂಬೋನುಗಳಿಂದ ಅಗಲ ಕೊಳವೆಯವಕ್ಕೆ ಹೊರಳಿದ ಕಾಲ ಅದು. ದೊಡ್ಡ ಶ್ಯಾಂಕ್ ಬೇಕಿರುವಲ್ಲಿ ಸಣ್ಣದನ್ನು ಸಿಕ್ಕಿಸಿದರೆ ಅದು ಒಳಗೆ ಜಾರಿ ಅಲುಗುತ್ತದೆ, ಸ್ವರಗಳ ಸಾಲು ಕೆಡುತ್ತದೆ. ಇಷ್ಟರ ಬಗ್ಗೆ ಜಗಳವಿಲ್ಲ. ಸರಿಯಾದ ಅಳತೆಯೊಳಗೇ ಒಂದೆರಡು ಮಿ.ಮೀ. ಸಂದಿನ ವ್ಯತ್ಯಾಸಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬಲ್ಲಿ ಜಗಳವಿದೆ.

ಲೋಹದ ವಿಷಯ ಬೇಗ ಮುಗಿಯುತ್ತದೆ. ಹಿತ್ತಾಳೆಗೆ ಬೆಳ್ಳಿ ಲೇಪ, ಚಿನ್ನದ ಲೇಪ, ಸ್ಟೇನ್‌ಲೆಸ್ ಸ್ಟೀಲ್, ಪ್ಲಾಸ್ಟಿಕ್ ಎಲ್ಲವೂ ಮಾರುಕಟ್ಟೆಯಲ್ಲಿವೆ. ತುಟಿಗೆ ತಾಗುವ ಅನುಭವ ಬೇರೆಯಿರಬಹುದು, ತೂಕ ಬೇರೆಯಿರಬಹುದು. ಒಳಗಿನ ಆಕಾರ ಒಂದೇ ಆಗಿದ್ದರೆ ಲೋಹ ಬದಲಾದದ್ದಕ್ಕೆ ಶ್ರುತಿ ಬದಲಾಗುತ್ತದೆ ಎನ್ನಲು ಭೌತಶಾಸ್ತ್ರದಲ್ಲಿ ಆಧಾರ ಕಾಣುವುದಿಲ್ಲ.

ನಮ್ಮ ಬ್ಯಾಂಡ್‌ಗಳ ಮಟ್ಟಿಗೆ

ಈ ಚರ್ಚೆ ದೂರದ್ದೆನಿಸಬಹುದು, ಆದರೆ ಮಂದ್ರ ಹಿತ್ತಾಳೆ ಕರ್ನಾಟಕಕ್ಕೆ ಹೊಸದಲ್ಲ. ಮೈಸೂರು ಅರಮನೆಯ ಬ್ಯಾಂಡಿನ ಪರಂಪರೆ ಪೊಲೀಸ್ ಬ್ಯಾಂಡಿನಲ್ಲಿ ಮುಂದುವರಿದಿದೆ. ಮದುವೆ, ಜಾತ್ರೆ, ಗಣೇಶನ ಮೆರವಣಿಗೆಗಳ ಬ್ಯಾಂಡ್‌ಸೆಟ್ಟುಗಳಲ್ಲಿ ಯೂಫೋನಿಯಂ ಇದೆ. ದೇಶದ ಬ್ಯಾಂಡ್ ವಾದ್ಯಗಳ ದೊಡ್ಡ ತವರು ಉತ್ತರ ಪ್ರದೇಶದ ಮೀರಟ್. ಅಲ್ಲಿನ ನಾದಿರ್ ಅಲಿ ಕಂಪನಿ 1885ರಿಂದಲೂ ಇದೆ. ಮೀರಟ್ಟಿನ ವಾದ್ಯಕ್ಕೆ ಬ್ರಿಟನ್ನಿನ ಅಳತೆಯ ಮೌತ್‌ಪೀಸ್, ವಿದೇಶಿ ವಾದ್ಯಕ್ಕೆ ಮೀರಟ್ಟಿನ ಮೌತ್‌ಪೀಸ್ ಸೇರಿಕೊಳ್ಳುವ ಕಡೆ ಶ್ಯಾಂಕಿನ ಪ್ರಶ್ನೆ ಪುಸ್ತಕದ್ದಾಗಿ ಉಳಿಯುವುದಿಲ್ಲ.

ಹವೆಯನ್ನೂ ಲೆಕ್ಕಕ್ಕೆ ಸೇರಿಸಬೇಕು. ವಾದ್ಯದೊಳಗಿನ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸ್ವರ ಸುಮಾರು 3 ಸೆಂಟ್ ಏರುತ್ತದೆ. ಉಸಿರಿನ ಬಿಸಿ ಮೌತ್‌ಪೀಸಿನ ಕಡೆಯ ಭಾಗವನ್ನು ಒಂದೇ ಹದದಲ್ಲಿಡುವುದರಿಂದ ನಿಜವಾದ ಏರಿಕೆ ಇದಕ್ಕಿಂತ ಕಡಿಮೆಯಿರಬಹುದು. ಆದರೂ ಜಂಬೂ ಸವಾರಿಯ ಮಧ್ಯಾಹ್ನದ ಬಿಸಿಲಿಗೂ ಬನ್ನಿಮಂಟಪದ ಪಂಜಿನ ಕವಾಯತಿನ ರಾತ್ರಿಗೂ ನಡುವೆ ವಾದ್ಯ ತಣ್ಣಗಾದಾಗ ಆಗುವ ವ್ಯತ್ಯಾಸ, ಬಟ್ಟಲಿಗೆ ಒಂದು ಘನ ಸೆಂಟಿಮೀಟರ್ ಸೇರಿಸಿದ್ದಕ್ಕಿಂತ ಹೆಚ್ಚಿದ್ದೀತು.

ಇನ್ನೂ ತೀರ್ಮಾನವಾಗದೆ ಉಳಿದವು

ಯಾವುದಕ್ಕೆ ಹೋಲಿಸಿ ಶ್ರುತಿ ಎನ್ನಬೇಕು ಎಂಬುದೇ ಮೊದಲ ಬಾಕಿ. ಟ್ಯೂನರ್ 14 ಸೆಂಟ್ ಇಳಿದಿದೆ ಎಂದು ದೂರುವ ಐದನೇ ಸಹಜ ಸ್ವರ, ತಂಬೂರಿಯ ಷಡ್ಜದ ಮೇಲೆ ಶುದ್ಧವಾಗಿ ಕೂರುವ ಅಂತರ ಗಾಂಧಾರವೇ ಆಗಿದೆ. ಮೂರು ಟ್ರೊಂಬೋನುಗಳು ಒಟ್ಟಿಗೆ ಊದುವ ಸ್ವರಮೇಳದಲ್ಲೂ ಅದು ಹಾಗೇ ಇರಬೇಕು. ಅದನ್ನು ಪಿಯಾನೋದ ಮಟ್ಟಕ್ಕೆ ಎತ್ತುವ ಮೌತ್‌ಪೀಸ್ ಒಂದು ಕಡೆ ಗೆದ್ದು ಇನ್ನೊಂದು ಕಡೆ ಸೋಲುತ್ತದೆ. ಈ ಎರಡು ಗುರಿಗಳ ನಡುವೆ ತಯಾರಕರು ಯಾವುದನ್ನು ಆರಿಸುತ್ತಿದ್ದಾರೆಂದು ಹೇಳುವುದಿಲ್ಲ, ಕೊಳ್ಳುವವರು ಕೇಳುವುದೂ ಇಲ್ಲ.

ಯೂಫೋನಿಯಂನ ಆರನೇ ಸ್ವರವನ್ನು ಮೌತ್‌ಪೀಸ್ ಒಂದರಿಂದಲೇ ಪಳಗಿಸಬಹುದೇ ಎಂಬುದೂ ಹಾಗೇ ಉಳಿದಿದೆ. ಆಳವಾದ ಬಟ್ಟಲು ಅದನ್ನು ಇಳಿಸುತ್ತದೆ, ಜೊತೆಗೆ ಸುತ್ತಲಿನ ಸ್ವರಗಳನ್ನೂ ಇಳಿಸುತ್ತದೆ. ಒಂದೇ ಸ್ವರವನ್ನು ಹೆಕ್ಕಿ ತಿದ್ದುವ ಶಕ್ತಿ ಮೌತ್‌ಪೀಸಿಗೆ ಇಲ್ಲವೆಂದೇ ನನ್ನ ಅನಿಸಿಕೆ. ದೋಷ ಕೊಳವೆಯ ಅರಳುವಿಕೆಯಲ್ಲಿದೆ, ಅಲ್ಲೇ ತಿದ್ದಬೇಕು. ಟ್ರಿಗರ್ ಜೋಡಿಸುವ ತಯಾರಕರೂ ಮೌನವಾಗಿ ಇದನ್ನೇ ಒಪ್ಪಿದಂತಾಗಿದೆ.

ತುಟಿ ಬಟ್ಟಲೊಳಗೆ ಎಷ್ಟು ಜಾಗ ತುಂಬುತ್ತದೆ ಎಂಬುದನ್ನು ಊದುತ್ತಿರುವಾಗಲೇ, ಬೇರೆ ಬೇರೆ ವಾದಕರಲ್ಲಿ, ಕೆಳಗಿನಿಂದ ಮೇಲಿನ ಸ್ಥಾಯಿಯವರೆಗೆ ಅಳೆಯುವ ಕೆಲಸ ದೊಡ್ಡದಿದೆ. ಅದಾಗದೆ ಮೊದಲ ಪಂಥಕ್ಕೂ ಮೂರನೇ ಪಂಥಕ್ಕೂ ಸೇತುವೆ ಕಟ್ಟಲಾಗದು. ಟ್ಯೂಬಾದ ಅತಿ ಕೆಳಗಿನ ಸ್ವರಗಳಲ್ಲಿ ದನಿಯ ಜೋರಿಗೆ ತಕ್ಕಂತೆ ಶ್ರುತಿ ಸರಿಯುವುದರಲ್ಲಿ ಮೌತ್‌ಪೀಸಿನ ಪಾಲೆಷ್ಟು, ಬೆಲ್ಲಿನ ಪಾಲೆಷ್ಟು ಎಂಬುದೂ ಬಿಡಿಸಿಲ್ಲ.

ಇಷ್ಟೆಲ್ಲ ಬಾಕಿಯಿದ್ದರೂ ಬ್ಯಾಂಡ್ ನಡೆಸುವವರು ಕಾಯಬೇಕಿಲ್ಲ. ಶಾಲೆಗಳ, ಪೊಲೀಸ್ ಪಡೆಗಳ, ಬ್ಯಾಂಡ್‌ಸೆಟ್ಟುಗಳ ಹಿರಿಯರಲ್ಲಿ ನನ್ನ ಬೇಡಿಕೆ ಇಷ್ಟೇ. ಪ್ರತಿ ವಾದ್ಯಕ್ಕೂ ಒಂದು ಹಾಳೆ ಇಡಿ. ಟ್ಯೂನರನ್ನು ವಾದಕನ ಕಣ್ಣಿಗೆ ಕಾಣದಂತೆ ಇನ್ನೊಬ್ಬರ ಕೈಗೆ ಕೊಡಿ. ವಾದ್ಯ ಬೆಚ್ಚಗಾದ ಮೇಲೆ ಎಲ್ಲ ಸಹಜ ಸ್ವರಗಳನ್ನೂ ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ ಊದಿಸಿ, ಏರಿಳಿತವನ್ನು ಬರೆದುಕೊಳ್ಳಿ. ಮೌತ್‌ಪೀಸ್ ಬದಲಿಸಿ ಮತ್ತೊಮ್ಮೆ ಮಾಡಿ. ಹುಡುಗನೊಬ್ಬ ಅಪಸ್ವರ ಊದಿದಾಗ ಅವನ ಕಿವಿಯನ್ನು ದೂರುವ ಮೊದಲು ಶ್ಯಾಂಕ್ ಅಲುಗುತ್ತದೆಯೇ ಎಂದು ಕೈಯಿಂದ ಮುಟ್ಟಿ ನೋಡಿ.